ಬಡ ಕುಟುಂಬಗಳಲ್ಲಿ ಎಳೆಯ ಮಕ್ಕಳ ಮಾತುಗಲಿಕೆ: ಕಲ್ಕತ್ತೆಯ ಬಸ್ತಿಗಳ ಹಿನ್ನೆಲೆಯಲ್ಲಿ

ಮಗುವಿನ ಬಾಯಿಂದ ಅರ್ಥವುಳ್ಳ ಮೊದಲ ಮಾತು ಹೊರಡುವುದು ಸಾಮಾನ್ಯವಾಗಿ ಅದರ ಮೊದಲ ಹುಟ್ಟುಹಬ್ಬದ ಆಸುಪಾಸಿನಲ್ಲಿ. ಎರಡು ವರ್ಷ ತುಂಬುವ ಹೊತ್ತಿಗೆ ಅದು ‘ಅಪ್ಪ ಬಂತು’, ‘ಇನ್ನೂ ಬೇಕು’ ಎಂದು ಎರಡೆರಡು ಪದಗಳನ್ನು ಜೋಡಿಸುತ್ತದೆ. ಮೂರರಲ್ಲಿ ಮನೆಯವರಿಗೆ ಸಾಕುಸಾಕೆನಿಸುವಷ್ಟು ಪ್ರಶ್ನೆ ಕೇಳುತ್ತದೆ. ಈ ಮೂರು ವರ್ಷಗಳಲ್ಲಿ ಮಗುವಿನೊಡನೆ ಯಾರು, ಎಷ್ಟು, ಹೇಗೆ ಮಾತನಾಡಿದರು ಎಂಬುದು ಅದರ ಮುಂದಿನ ಓದು ಬರಹಗಳ ಮೇಲೆ ಆಳವಾದ ಪರಿಣಾಮ ಬೀರುತ್ತದೆಂದು ಕಳೆದ ನಾಲ್ಕೈದು ದಶಕಗಳ ಸಂಶೋಧನೆಗಳು ತಿಳಿಸುತ್ತವೆ. ಬಡತನವು ಈ ಮಾತುಕತೆಯನ್ನು ಎಲ್ಲಿ, ಹೇಗೆ ತಟ್ಟುತ್ತದೆ ಎಂಬುದು ಪ್ರಸ್ತುತ ಲೇಖನದ ವಿಷಯ. ಈ ಪ್ರಶ್ನೆ ಪ್ರಪಂಚದ ಎಲ್ಲ ನಗರಗಳದ್ದೂ ಹೌದು. ಆದರೆ ಕಲ್ಕತ್ತೆಯಲ್ಲಿ ನೆಲೆಸಿರುವ ಕನ್ನಡಿಗರು ಅದನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಬೆಳಿಗ್ಗೆ ನಮ್ಮ ಮನೆಗೆ ಬಂದು ಪಾತ್ರೆ ತೊಳೆದು, ಜೊತೆಜೊತೆಗೇ ನಮ್ಮ ಮಕ್ಕಳಿಗೆ ಬಂಗಾಳಿಯನ್ನೂ ಕಲಿಸಿ ಹೋಗುವ ‘ಮಾಶಿ’ಯ ಮನೆಯಲ್ಲೇ ಅದು ಇದೆ. (2001ರಲ್ಲಿ ನಗರದ ಹೆಸರು ಅಧಿಕೃತವಾಗಿ ಕೋಲ್ಕತ್ತ ಎಂದಾಗಿದ್ದರೂ ನಮ್ಮ ಹಿರಿಯರ ರೂಢಿಯಂತೆ ಕಲ್ಕತ್ತೆ ಎಂದೇ ಇಲ್ಲಿ ಬರೆದಿದೆ.)

ಕಿವಿ ಮೊದಲು, ಬಾಯಿ ಆಮೇಲೆ

ಹುಟ್ಟಿ ಮೂರು ದಿನವೂ ತುಂಬದ ಶಿಶು ತಾಯಿಯ ದನಿಯನ್ನು ಬೇರೆ ಹೆಂಗಸಿನ ದನಿಯಿಂದ ಪ್ರತ್ಯೇಕಿಸಿ ಗುರುತಿಸಬಲ್ಲುದೆಂದು ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ 1980ರಲ್ಲಿ ತೋರಿಸಿದರು. ಕನ್ನಡಿಗರಿಗೆ ಇನ್ನೂ ಸ್ವಾರಸ್ಯಕರವಾಗಿ ತೋರಬಹುದಾದ ಪ್ರಯೋಗ ಕೆನಡಾದ ಜಾನೆಟ್ ವರ್ಕರ್ ಅವರದು. ‘ತ’ಕಾರ ಮತ್ತು ‘ಟ’ಕಾರಗಳ ವ್ಯತ್ಯಾಸ ನಮಗೆ ಸಹಜ, ಇಂಗ್ಲಿಷ್ ಮಾತ್ರ ಬಲ್ಲ ವಯಸ್ಕರಿಗೆ ಅದು ಕೇಳಿಸುವುದೇ ಕಷ್ಟ. ಆದರೆ ಇಂಗ್ಲಿಷ್ ಮನೆಗಳಲ್ಲಿ ಬೆಳೆಯುತ್ತಿದ್ದ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ಈ ಎರಡು ಧ್ವನಿಗಳನ್ನು ಬೇರೆಬೇರೆಯಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಬಹುತೇಕ ಮಾಯವಾಗಿತ್ತು. 1984ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ ಸ್ಪಷ್ಟ: ಒಂದು ಮಾತನ್ನೂ ಆಡದ ಮಗು ತನ್ನ ಸುತ್ತಲಿನ ಭಾಷೆಗೆ ತಕ್ಕಂತೆ ಕಿವಿಯನ್ನು ಆಗಲೇ ಹದಗೊಳಿಸಿಕೊಂಡಿರುತ್ತದೆ.

ಹಾಗಿದ್ದರೆ ರೇಡಿಯೋ ಅಥವಾ ಟೀವಿ ಹಚ್ಚಿಟ್ಟರೆ ಸಾಲದೇ? ಸಾಲದು. 2003ರಲ್ಲಿ ಅಮೆರಿಕದ ಪೆಟ್ರೀಶಿಯಾ ಕುಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ಹನ್ನೆರಡು ಬಾರಿ ಚೀನೀ ಭಾಷೆಯನ್ನು ಕೇಳಿಸಿದರು. ಎದುರು ಕುಳಿತ ವ್ಯಕ್ತಿಯೊಬ್ಬರು ಆಟವಾಡಿಸುತ್ತ ಮಾತನಾಡಿದಾಗ ಶಿಶುಗಳು ಆ ಭಾಷೆಯ ಧ್ವನಿಗಳನ್ನು ಕಲಿತವು. ಅದೇ ಮಾತು ಪರದೆಯ ಮೇಲೆ ಅಥವಾ ಧ್ವನಿಮುದ್ರಿಕೆಯಲ್ಲಿ ಬಂದಾಗ ಏನನ್ನೂ ಕಲಿಯಲಿಲ್ಲ. ಮಗುವಿಗೆ ಬೇಕಾದದ್ದು ಶಬ್ದವಷ್ಟೇ ಅಲ್ಲ, ತನ್ನನ್ನು ನೋಡಿ ಮಾತನಾಡುವ ಒಂದು ಮುಖ.

ಕನ್ಸಾಸಿನ ಲೆಕ್ಕ ಮತ್ತು ಅದರ ಮೇಲಿನ ತಕರಾರು

ಬಡತನ ಮತ್ತು ಮಾತುಗಲಿಕೆಯ ಚರ್ಚೆ ಎಲ್ಲಿಯೇ ನಡೆಯಲಿ, ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಎಂಬ ಇಬ್ಬರ ಹೆಸರು ಬಂದೇ ಬರುತ್ತದೆ. ಅಮೆರಿಕದ ಕನ್ಸಾಸ್ ಪ್ರದೇಶದ 42 ಕುಟುಂಬಗಳ ಮನೆಗಳಿಗೆ ತಿಂಗಳಿಗೊಮ್ಮೆ ಒಂದು ಗಂಟೆಯಂತೆ ಸುಮಾರು ಎರಡೂವರೆ ವರ್ಷ ಹೋಗಿ, ಮಗುವಿಗೆ ಮೂರು ತುಂಬುವವರೆಗೆ ಮನೆಯಲ್ಲಿ ನಡೆದ ಮಾತನ್ನೆಲ್ಲ ಮುದ್ರಿಸಿಕೊಂಡು ಎಣಿಸಿದ ಸಾಹಸ ಅವರದು. 1995ರಲ್ಲಿ ಪುಸ್ತಕರೂಪದಲ್ಲಿ ಬಂದ ಅವರ ಲೆಕ್ಕದ ಪ್ರಕಾರ, ಉನ್ನತ ವೃತ್ತಿಯಲ್ಲಿದ್ದವರ ಮನೆಗಳಲ್ಲಿ ಮಗುವಿಗೆ ಗಂಟೆಗೆ ಸರಾಸರಿ 2,153 ಪದಗಳು ಕೇಳಿಸುತ್ತಿದ್ದವು. ದುಡಿಯುವ ವರ್ಗದ ಮನೆಗಳಲ್ಲಿ 1,251. ಸರ್ಕಾರದ ಸಹಾಯಧನದಿಂದ ಬದುಕುತ್ತಿದ್ದ ಮನೆಗಳಲ್ಲಿ 616. ಇದನ್ನು ವರ್ಷಗಳಿಗೆ ವಿಸ್ತರಿಸಿ, ನಾಲ್ಕು ವರ್ಷದ ಹೊತ್ತಿಗೆ ಸಿರಿವಂತರ ಮತ್ತು ಬಡವರ ಮಕ್ಕಳ ನಡುವೆ ಮೂರು ಕೋಟಿ ಪದಗಳ ಅಂತರವಿರುತ್ತದೆಂದು ಅವರು ಅಂದಾಜು ಮಾಡಿದರು. ‘ಮೂರು ಕೋಟಿ ಪದಗಳ ಅಂತರ’ ಎಂಬ ಮಾತು ಅಲ್ಲಿಂದ ಜಗತ್ತನ್ನೇ ಸುತ್ತಿತು.

ಆ ಗ್ರಂಥದ ಇನ್ನೊಂದು ಲೆಕ್ಕ ಅಷ್ಟು ಪ್ರಸಿದ್ಧವಾಗಲಿಲ್ಲ. ನಮ್ಮ ವಿಷಯಕ್ಕೆ ಅದೇ ಹೆಚ್ಚು ಹತ್ತಿರವಾದದ್ದು. ಉನ್ನತ ವರ್ಗದ ಮನೆಯಲ್ಲಿ ಮಗುವಿಗೆ ಗಂಟೆಗೆ ಸುಮಾರು 32 ಮೆಚ್ಚುಗೆಯ ಮಾತುಗಳು, 5 ನಿಷೇಧದ ಮಾತುಗಳು ಸಿಗುತ್ತಿದ್ದವು. ಸಹಾಯಧನದ ಮನೆಯಲ್ಲಿ 5 ಮೆಚ್ಚುಗೆ, 11 ನಿಷೇಧ. ಇದನ್ನು ಓದಿದವರು ‘ಬಡ ತಾಯಂದಿರು ಮಕ್ಕಳನ್ನು ಗದರುತ್ತಾರೆ’ ಎಂಬ ತೀರ್ಮಾನಕ್ಕೆ ಬಹು ಬೇಗ ಬರುವುದುಂಟು. ಆದರೆ ಹತ್ತಡಿ ಅಗಲದ ಒಂದೇ ಕೋಣೆಯಲ್ಲಿ ಉರಿಯುವ ಸ್ಟೌ, ಬಾಗಿಲಾಚೆ ತೆರೆದ ಚರಂಡಿ, ಅದರಾಚೆ ಸೈಕಲ್ ವ್ಯಾನುಗಳು ನುಗ್ಗುವ ಓಣಿ ಇರುವಾಗ ‘ಮುಟ್ಟಬೇಡ’, ‘ಹೋಗಬೇಡ’ ಎನ್ನದ ತಾಯಿ ಯಾರು? ನಿಷೇಧದ ಅನೇಕ ಮಾತುಗಳನ್ನು ಆಡಿಸುವುದು ಆ ಕೋಣೆಯ ಅಳತೆ, ತಾಯಿಯ ಸ್ವಭಾವವಲ್ಲ.

ಹಾರ್ಟ್ ಮತ್ತು ರಿಸ್ಲಿ ಅವರ ಅಧ್ಯಯನದ ದೌರ್ಬಲ್ಯಗಳನ್ನು ತಜ್ಞರು ಬಿಚ್ಚಿಟ್ಟಿದ್ದಾರೆ. ಅತಿ ಬಡ ವರ್ಗದಲ್ಲಿ ಇದ್ದದ್ದು ಆರೇ ಕುಟುಂಬಗಳು, ಆರೂ ಆಫ್ರಿಕನ್-ಅಮೆರಿಕನ್ನರವು. ಅಪರಿಚಿತರೊಬ್ಬರು ಧ್ವನಿಮುದ್ರಣ ಯಂತ್ರ ಹಿಡಿದು ಮನೆಯೊಳಗೆ ಕುಳಿತಾಗ ಓದಿದವರು ಹೆಚ್ಚು ಮಾತನಾಡಿ, ಬಡವರು ಬಾಯಿ ಕಟ್ಟಿಕೊಳ್ಳುವುದೂ ಸಾಧ್ಯ. ಡಗ್ಲಸ್ ಸ್ಪೆರಿ, ಲಿಂಡಾ ಸ್ಪೆರಿ ಮತ್ತು ಪೆಗ್ಗಿ ಮಿಲ್ಲರ್ ಅಮೆರಿಕದ ಐದು ಸಮುದಾಯಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆ ಅಂತರ ಅದೇ ರೂಪದಲ್ಲಿ ಮರುಕಳಿಸಲಿಲ್ಲ. ಒಂದೇ ಆರ್ಥಿಕ ವರ್ಗದೊಳಗೆ ಮನೆಯಿಂದ ಮನೆಗೆ ಬಹಳ ವ್ಯತ್ಯಾಸವಿತ್ತು. ಅಜ್ಜಿ, ಅಕ್ಕ, ನೆರೆಯವರು ಆಡುವ ಮಾತನ್ನೂ ಸೇರಿಸಿಕೊಂಡರೆ ಕೆಲವು ಬಡ ಸಮುದಾಯಗಳು ಹಿಂದೆ ಬೀಳಲೇ ಇಲ್ಲ. ಇದಕ್ಕೆ ರಾಬರ್ಟಾ ಗೋಲಿಂಕಾಫ್ ಮುಂತಾದವರು ಕೂಡಲೇ ಪ್ರತ್ಯುತ್ತರ ಕೊಟ್ಟರು: ಮಗುವಿನ ಸುತ್ತ ನಡೆಯುವ ಮಾತು ಬೇರೆ, ಮಗುವಿನೊಡನೆ ಆಡುವ ಮಾತು ಬೇರೆ.

ವಾಸ್ತವವಾಗಿ ಜಗತ್ತಿನ ಎಲ್ಲ ಸಂಸ್ಕೃತಿಗಳಲ್ಲೂ ಹಿರಿಯರು ಹಸುಗೂಸಿನೊಡನೆ ಸಂಭಾಷಿಸುವುದಿಲ್ಲ. ಪಪುವಾ ನ್ಯೂಗಿನಿಯ ಕಲುಲಿ ಜನರಲ್ಲಿ ತಾಯಿ ಕೂಸನ್ನು ಹೊರಮುಖವಾಗಿ ಹಿಡಿದು, ಅದರ ಪರವಾಗಿ ತಾನೇ ಇತರರೊಡನೆ ಮಾತನಾಡುವುದನ್ನು ಬಾಂಬಿ ಶೀಫೆಲಿನ್ ದಾಖಲಿಸಿದ್ದಾರೆ. ಬೊಲಿವಿಯಾದ ಚಿಮಾನೆ ಜನಾಂಗದಲ್ಲಿ ಎಳೆಯ ಮಕ್ಕಳನ್ನು ಉದ್ದೇಶಿಸಿದ ಮಾತು ಗಂಟೆಗೆ ಒಂದು ನಿಮಿಷಕ್ಕೂ ಕಡಿಮೆಯೆಂದು ಇತ್ತೀಚಿನ ಅಳತೆ ತಿಳಿಸುತ್ತದೆ. ಆ ಮಕ್ಕಳೂ ಮಾತು ಕಲಿಯುತ್ತಾರೆ. ಮಕ್ಕಳು ಕೇಳಿದ್ದನ್ನಷ್ಟೇ ಒಪ್ಪಿಸುವ ಗಿಳಿಗಳೂ ಅಲ್ಲ. ಇದಕ್ಕೆ ಕನ್ನಡದ್ದೇ ಒಂದು ನಿದರ್ಶನವಿದೆ. ‘ಏರು’ ಎಂಬುದಕ್ಕೆ ‘ಇಸು’ ಸೇರಿದರೆ ‘ಏರಿಸು’ ಆಗುವುದು ನಮ್ಮ ವ್ಯಾಕರಣದ ನಿಯಮ. ಜೆಫ್ರಿ ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು ವರ್ಷದ ಕನ್ನಡ ಮಕ್ಕಳು ಅರ್ಥ ಗ್ರಹಿಸಲು ಈ ‘ಇಸು’ವಿಗಿಂತ ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನೇ ನೆಚ್ಚಿಕೊಂಡರು. ಕೇಳಿದ ಮಾತಿಗೆ ಮಗು ತನ್ನ ಕಡೆಯಿಂದಲೂ ಏನನ್ನೋ ಕೂಡಿಸುತ್ತದೆ.

ಆದುದರಿಂದ ವ್ಯಾಕರಣ ಎಲ್ಲ ಮಕ್ಕಳಿಗೂ ಬರುತ್ತದೆ. ಬಡವ ಬಲ್ಲಿದರ ಮಕ್ಕಳ ನಡುವೆ ವ್ಯತ್ಯಾಸ ಕಾಣುವುದು ಮುಖ್ಯವಾಗಿ ಪದಸಂಪತ್ತಿನಲ್ಲಿ, ಕೇಳಿದ್ದನ್ನು ಗ್ರಹಿಸುವ ವೇಗದಲ್ಲಿ ಮತ್ತು ಘಟನೆಯೊಂದನ್ನು ಕ್ರಮವಾಗಿ ನಿರೂಪಿಸುವುದರಲ್ಲಿ. ಶಾಲೆ ಮೊದಲ ದಿನದಿಂದ ನಿರೀಕ್ಷಿಸುವುದು ಇವುಗಳನ್ನೇ ಆದ್ದರಿಂದ ವಿಷಯ ಗಂಭೀರವಾಗುತ್ತದೆ. ನಮ್ಮ ಲಿಪಿಗಳ ಮಟ್ಟಿಗಂತೂ ಇದು ಇನ್ನೂ ನಿಜ. ಕನ್ನಡ ಮಕ್ಕಳ ಓದಿನ ಬಗ್ಗೆ ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೊನಾಲಿ ನಾಗ್ ಅವರ 2007ರ ಅಧ್ಯಯನದ ಪ್ರಕಾರ ಕಾಗುಣಿತ, ಒತ್ತಕ್ಷರಗಳನ್ನೊಳಗೊಂಡ ಅಕ್ಷರಜ್ಞಾನ ಪೂರ್ಣವಾಗಲು ಮಕ್ಕಳಿಗೆ ಹಲವು ವರ್ಷಗಳೇ ಬೇಕಾಗುತ್ತವೆ. ಆ ವರ್ಷಗಳಲ್ಲಿ ಅಕ್ಷರ ಕೂಡಿಸಿದಾಗ ಹೊಮ್ಮುವ ಪದ ಮೊದಲೇ ಪರಿಚಿತವಾಗಿದ್ದ ಮಗು ಮುಂದೆ ಸಾಗುತ್ತದೆ. ಪರಿಚಿತವಲ್ಲದ ಮಗು ಅಕ್ಷರದಲ್ಲೇ ನಿಲ್ಲುತ್ತದೆ. ಬಂಗಾಳಿ ಲಿಪಿಯ ಯುಕ್ತಾಕ್ಷರಗಳನ್ನು ಕಂಡವರಿಗೆ ಇಲ್ಲಿಯ ಪರಿಸ್ಥಿತಿ ಬೇರೆಯಲ್ಲವೆಂದು ಹೇಳಬೇಕಾಗಿಲ್ಲ.

ಮಾತಿನ ಸರದಿ

ಆಡ್ರಿಯಾನಾ ವೈಸ್‌ಲೆಡರ್ ಮತ್ತು ಆನ್ ಫರ್ನಾಲ್ಡ್ 2013ರಲ್ಲಿ ಕ್ಯಾಲಿಫೋರ್ನಿಯಾದ 29 ಬಡ ಕುಟುಂಬಗಳನ್ನು ಅಭ್ಯಸಿಸಿದರು. ಎಲ್ಲರೂ ಸ್ಪ್ಯಾನಿಷ್ ಮಾತನಾಡುವವರು, ಎಲ್ಲರೂ ಕಡಿಮೆ ವರಮಾನದವರು. ಹತ್ತೊಂಬತ್ತು ತಿಂಗಳ ಮಗುವನ್ನು ಉದ್ದೇಶಿಸಿ ಒಂದು ದಿನದಲ್ಲಿ ಆಡಿದ ಪದಗಳು ಒಂದು ಮನೆಯಲ್ಲಿ ಸುಮಾರು 670, ಮತ್ತೊಂದರಲ್ಲಿ 12,000! ಬಡತನ ಒಂದೇ ಆಗಿದ್ದರೂ ಮಾತು ಒಂದೇ ಆಗಿರಲಿಲ್ಲ. ಎರಡು ವರ್ಷ ತುಂಬಿದಾಗ ಹೆಚ್ಚು ಪದಗಳನ್ನು ಬಲ್ಲವರಾಗಿದ್ದದ್ದು, ತಮ್ಮನ್ನೇ ಉದ್ದೇಶಿಸಿದ ಮಾತನ್ನು ಹೆಚ್ಚಾಗಿ ಕೇಳಿದ ಮಕ್ಕಳು. ಪಕ್ಕದಲ್ಲಿ ಹಿರಿಯರು ತಮ್ಮತಮ್ಮಲ್ಲೇ ಆಡಿಕೊಂಡ ಮಾತು ಆ ವಯಸ್ಸಿನಲ್ಲಿ ಅಂಥ ಪ್ರಯೋಜನ ಕೊಟ್ಟಿರಲಿಲ್ಲ.

2018ರಲ್ಲಿ ರೇಚೆಲ್ ರೋಮಿಯೋ ಮತ್ತು ಸಹಸಂಶೋಧಕರು ನಾಲ್ಕರಿಂದ ಆರು ವರ್ಷದ 36 ಮಕ್ಕಳ ಮಿದುಳಿನ ಚಿತ್ರಣ ಮಾಡಿ ಮತ್ತೊಂದು ಹೆಜ್ಜೆ ಮುಂದೆ ಹೋದರು. ಭಾಷೆಗೆ ಸಂಬಂಧಿಸಿದ ಬ್ರೋಕಾ ಪ್ರದೇಶದ ಚಟುವಟಿಕೆಯೊಡನೆ ತಾಳೆಯಾದದ್ದು ಕೇಳಿದ ಪದಗಳ ಸಂಖ್ಯೆಯಲ್ಲ, ಮನೆತನದ ವರಮಾನವೂ ಅಲ್ಲ, ಮಾತಿನ ಸರದಿ. ಅಂದರೆ ಹಿರಿಯರು ಒಂದು ಹೇಳುವುದು, ಮಗು ಉತ್ತರಿಸುವುದು, ಹಿರಿಯರು ಅದನ್ನೇ ಎತ್ತಿಕೊಂಡು ಮುಂದುವರಿಸುವುದು.

ಇದಕ್ಕೆ ಪುಸ್ತಕ ಬೇಡ, ಆಟಿಕೆ ಬೇಡ. ಓಣಿಯ ಕೊಳವೆಬಾವಿಯ ಬಳಿ ತಾಯಿ ಮೀನು ತೊಳೆಯುತ್ತಿದ್ದಾಳೆಂದು ಭಾವಿಸೋಣ. ಕೂಸು ಬೆರಳು ತೋರಿ ‘ಮಾಛ್’ ಎನ್ನುತ್ತದೆ. ‘ಹೌದು, ಮೀನು. ಎಷ್ಟು ದೊಡ್ಡ ಮೀನು! ಬಾಲ ಎಲ್ಲಿದೆ?’ ಎಂದು ತಾಯಿ ಕೇಳುತ್ತಾಳೆ. ಕೂಸು ಬಾಲ ಮುಟ್ಟುತ್ತದೆ. ‘ಕಣ್ಣು?’ ಎನ್ನುತ್ತಾಳೆ. ಅರ್ಧ ನಿಮಿಷದಲ್ಲಿ ನಾಲ್ಕು ಸರದಿ ಮುಗಿಯಿತು. ಹೊಸ ಪದಗಳೂ ದೊರೆತವು. ಮಗು ಕಣ್ಣಿಟ್ಟ ವಸ್ತುವಿನ ಬಗ್ಗೆಯೇ, ಅದು ಕಣ್ಣಿಟ್ಟ ಕ್ಷಣದಲ್ಲೇ ಮಾತನಾಡುವುದು ಇದರ ಗುಟ್ಟು. ‘ಅದು ಬಿಡು, ಇಲ್ಲಿ ನೋಡು, ಎ ಫಾರ್ ಆ್ಯಪಲ್’ ಎನ್ನುವ ಸುಶಿಕ್ಷಿತ ಮನೆಗಳಲ್ಲಿ ಈ ಗುಟ್ಟು ಕೆಲವೊಮ್ಮೆ ಕೈತಪ್ಪುವುದೂ ಉಂಟು.

ಹಾಗಾದರೆ ಬಡ ತಾಯಿಯ ಸರದಿಯನ್ನು ತಡೆಯುವುದಾದರೂ ಏನು? ಬರ್ಕ್ಲಿಯ ಮೋನಿಕಾ ಎಲ್‌ವುಡ್-ಲೋ, ಮಹೇಶ್ ಶ್ರೀನಿವಾಸನ್ ಮೊದಲಾದವರು ಇದನ್ನೇ ನೇರವಾಗಿ ಪರೀಕ್ಷಿಸಿದರು. ಹಣದ ಮುಗ್ಗಟ್ಟನ್ನು ನೆನಪಿಸಿಕೊಳ್ಳುವಂತೆ ಮಾಡಿದ ಬಳಿಕ ತಂದೆ ತಾಯಿಯರು ತಮ್ಮ ಮೂರು ವರ್ಷದ ಮಗುವಿನೊಡನೆ ಕಡಿಮೆ ಮಾತನಾಡಿದರು. ಮನೆಗಳ ಧ್ವನಿಮುದ್ರಣಗಳಲ್ಲಿಯೂ ಕೈ ಬರಿದಾಗುವ ತಿಂಗಳ ಕೊನೆಯಲ್ಲಿ ಮಾತಿನ ಸರದಿಗಳು ಇಳಿದಿದ್ದವು. ಅದೇ ತಂದೆ, ಅದೇ ತಾಯಿ. ಮಕ್ಕಳನ್ನು ಬೆಳೆಸುವ ತಿಳಿವಳಿಕೆ ತಿಂಗಳ ಮೊದಲ ವಾರದಿಂದ ಕೊನೆಯ ವಾರಕ್ಕೆ ಬದಲಾಗುವುದಿಲ್ಲ. ಬದಲಾಗುವುದು ಮನಸ್ಸಿನ ಬಿಡುವು. ಬಡ ತಾಯಂದಿರಿಗೆ ಮಾತನಾಡುವ ‘ತರಬೇತಿ’ ಕೊಡಬೇಕೆಂದು ಹೊರಡುವವರೆಲ್ಲ ಮೊದಲು ಓದಬೇಕಾದ ಲೇಖನ ಇದೆಂದು ನನ್ನ ಅಭಿಪ್ರಾಯ.

ಕಲ್ಕತ್ತೆಯ ಓಣಿಗಳಲ್ಲಿ

2011ರ ಜನಗಣತಿಯ ಪ್ರಕಾರ ಕಲ್ಕತ್ತೆ ನಗರಪಾಲಿಕೆಯ ಸುಮಾರು 45 ಲಕ್ಷ ಜನರಲ್ಲಿ 14 ಲಕ್ಷಕ್ಕೂ ಹೆಚ್ಚು ಜನ, ಎಂದರೆ ಹತ್ತಿರಹತ್ತಿರ ಮೂರನೆಯ ಒಂದು ಭಾಗ, ಬಸ್ತಿಗಳಲ್ಲಿ ವಾಸವಾಗಿದ್ದರು. ‘ಅಡ್ಡಾ’ ಎಂಬ ಹೆಸರಿನಲ್ಲಿ ಹರಟೆಯನ್ನೇ ಕಲೆಯಾಗಿ ಬೆಳೆಸಿದ ನಗರವಿದು. ಇಲ್ಲಿ ಮಾತಿಗೆ ಬರವಿಲ್ಲ. ಎರಡು ವರ್ಷದ ಮಗುವಿನೊಡನೆ ಮಾತನಾಡಲು ಯಾರಿಗೆ ಪುರಸೊತ್ತಿದೆ ಎಂಬುದೇ ಪ್ರಶ್ನೆ.

ದಕ್ಷಿಣ ಕಲ್ಕತ್ತೆಯಲ್ಲಿರುವವರಿಗೆ ಕ್ಯಾನಿಂಗ್, ಲಕ್ಷ್ಮೀಕಾಂತಪುರಗಳಿಂದ ನಸುಕಿನಲ್ಲಿ ಬರುವ ಲೋಕಲ್ ರೈಲುಗಳು ಗೊತ್ತು. ಅವುಗಳಲ್ಲಿ ಬಂದು ಜಾದವಪುರ, ಢಾಕುರಿಯಾ, ಬಾಲಿಗಂಜ್ ನಿಲ್ದಾಣಗಳಲ್ಲಿ ಇಳಿಯುವ ಸಾವಿರಾರು ಹೆಂಗಸರು ನಾಲ್ಕೈದು ಮನೆಗಳಲ್ಲಿ ಗುಡಿಸಿ, ಒರೆಸಿ, ಅಡುಗೆ ಮಾಡಿ, ಮಕ್ಕಳನ್ನಾಡಿಸಿ ಮಧ್ಯಾಹ್ನವೋ ಸಂಜೆಯೋ ಹಿಂತಿರುಗುತ್ತಾರೆ. ಮಗು ಏಳುವ ಮೊದಲೇ ಮನೆ ಬಿಟ್ಟಿರುತ್ತಾರೆ. ಸಂಶೋಧಕರ ಭಾಷೆಯಲ್ಲಿ ಹೇಳುವುದಾದರೆ, ಈಕೆಯ ಹಗಲಿನ ‘ಮಾತಿನ ಸರದಿ’ಗಳು ದೊರೆಯುವುದು ಲೇಕ್ ಮಾರ್ಕೆಟ್ಟಿನ ದಕ್ಷಿಣ ಭಾರತೀಯರ ಮನೆಯ ಮಗುವಿಗೆ ಅಥವಾ ಗರಿಯಾಹಾಟಿನ ಬಂಗಾಳಿ ಮನೆಯ ಮಗುವಿಗೆ. ನಮ್ಮ ಮಕ್ಕಳು ಮೂರು ವರ್ಷಕ್ಕೇ ಸರಾಗವಾಗಿ ಬಂಗಾಳಿ ಆಡುವುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದರ ಗುರು ಯಾರು, ಆಕೆಯ ಮಗುವಿಗೆ ಆ ಹೊತ್ತಿನಲ್ಲಿ ಗುರು ಯಾರು ಎಂದು ಕೇಳಿಕೊಂಡವರು ವಿರಳ. ಸಂಘಟಿತ ವಲಯದ ತಾಯಂದಿರಿಗೆ 2017ರ ತಿದ್ದುಪಡಿಯಿಂದ 26 ವಾರಗಳ ಹೆರಿಗೆ ರಜೆ ದೊರೆಯಿತು. ಮನೆಗೆಲಸದವರಿಗೆ ಅದು ಅನ್ವಯವಾಗಲಿಲ್ಲ. ಪಶ್ಚಿಮ ಬಂಗಾಳದ ಮನೆಗೆಲಸದವರ ಸಂಘಟನೆಯಾದ ಪಶ್ಚಿಮ ಬಂಗ ಗೃಹ ಪರಿಚಾರಿಕಾ ಸಮಿತಿಗೆ ಕಾರ್ಮಿಕ ಸಂಘವೆಂಬ ನೋಂದಣಿ ಸಿಕ್ಕಿದ್ದೇ 2018ರಲ್ಲಿ.

ತಾಯಿ ಇಲ್ಲದ ಹೊತ್ತಿನಲ್ಲಿ ಕೂಸು ಅಜ್ಜಿಯ ಮಡಿಲಲ್ಲೋ ಎಂಟು ಹತ್ತು ವರ್ಷದ ಅಕ್ಕನ ಸೊಂಟದ ಮೇಲೋ ಇರುತ್ತದೆ. ಇದನ್ನು ಕೊರತೆಯೆಂದೇ ಎಣಿಸಬೇಕಾಗಿಲ್ಲ. ನೆರೆಯ ಭುವನೇಶ್ವರದಲ್ಲಿ 1965ರಿಂದ ಹಲವು ದಶಕ ಕುಟುಂಬಗಳನ್ನು ಗಮನಿಸಿದ ಸೂಸನ್ ಸೀಮರ್, ಒಂದು ಮಗುವಿಗೆ ಹಲವು ತಾಯಂದಿರಿರುವ ನಮ್ಮ ಪದ್ಧತಿಯನ್ನು ವಿವರವಾಗಿ ಚಿತ್ರಿಸಿದ್ದಾರೆ. ಮನೆಯ ಮಾತುಕತೆಯಲ್ಲಿ ಭಾರತೀಯ ಮಗು ಮೊದಲು ಕಲಿಯುವುದು ವಸ್ತುಗಳ ಹೆಸರಿಗಿಂತ ಹೆಚ್ಚಾಗಿ ಬಂಧುಗಳ ಜಗತ್ತನ್ನು ಎಂಬುದು ದಿಲ್ಲಿಯ ನಂದಿತಾ ಚೌಧರಿ ಅವರ 2004ರ ಗ್ರಂಥವನ್ನು ಓದಿದಾಗ ಮನವರಿಕೆಯಾಗುತ್ತದೆ. ಬಸ್ತಿಯ ಕೂಸು ಕಾಕು, ಮಾಮಾ, ಪಿಶಿ, ಮಾಶಿ ಎಂದು ಇಡೀ ಓಣಿಯನ್ನು ಸಂಬಂಧದ ಹೆಸರುಗಳಿಂದ ಗುರುತಿಸಬಲ್ಲುದು. ಶಾಲೆಯ ಪರೀಕ್ಷೆ ಈ ಪದಸಂಪತ್ತನ್ನು ಎಣಿಸುವುದಿಲ್ಲ. ಹೀಗೆ ಎಣಿಕೆಗೆ ಸಿಗದ ಜಾಣ್ಮೆಗೆ ಕಲ್ಕತ್ತೆಯೇ ಮತ್ತೊಂದು ಸಾಕ್ಷ್ಯ ಒದಗಿಸಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಎಲಿಜಬೆತ್ ಸ್ಪೆಲ್ಕಿ ಮೊದಲಾದವರು ಕಲ್ಕತ್ತೆ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳ ಬಗ್ಗೆ 2025ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ಮಕ್ಕಳು ತೂಕ, ಬೆಲೆ, ಚಿಲ್ಲರೆಗಳ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಬಲ್ಲರು. ಅದೇ ಲೆಕ್ಕವನ್ನು ಶಾಲೆಯ ರೂಪದಲ್ಲಿ ಕೊಟ್ಟರೆ ತಡವರಿಸುತ್ತಾರೆ. ಬುದ್ಧಿಗೇನೂ ಕೊರತೆಯಿಲ್ಲ, ಓಣಿಯ ಭಾಷೆಗೂ ಶಾಲೆಯ ಭಾಷೆಗೂ ನಡುವೆ ಸೇತುವೆಯಿಲ್ಲ.

ಮನೆಮಾತು ಯಾವುದಾದರೇನು?

ಇಲ್ಲಿ ಇನ್ನೊಂದು ತೊಡಕಿದೆ. ಜನಗಣತಿಯ ಲೆಕ್ಕದಲ್ಲಿ (2011) ಕಲ್ಕತ್ತೆಯ ನೂರಕ್ಕೆ ಸುಮಾರು 62 ಜನರ ಮಾತೃಭಾಷೆ ಬಂಗಾಳಿ, 23 ಜನರದು ಹಿಂದಿ, 13 ಜನರದು ಉರ್ದು. ‘ಹಿಂದಿ’ ಎಂಬ ಆ ಒಂದು ಅಂಕಣದೊಳಗೆ ಭೋಜಪುರಿಯಂಥ ಮಾತುಗಳೂ ಅಡಗಿವೆ. ಹೀಗಾಗಿ ಮನೆಯಲ್ಲಿ ಭೋಜಪುರಿ, ಓಣಿಯಲ್ಲಿ ಬಂಗಾಳಿ, ಶಾಲೆಯಲ್ಲಿ ಪುಸ್ತಕದ ಹಿಂದಿ ಎಂಬ ಮೂರು ನೆಲೆಗಳಲ್ಲಿ ಬೆಳೆಯುವ ಮಕ್ಕಳು ಬಸ್ತಿಗಳಲ್ಲಿ ಸಾಮಾನ್ಯ. ಕನ್ನಡಿಗರಲ್ಲಿ ಇಂಥ ಪರಿಸ್ಥಿತಿ ಕಲ್ಕತ್ತೆಗಿಂತ ಮುಂಬಯಿ, ಪುಣೆಗಳಲ್ಲಿ ಹೆಚ್ಚು. ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ಜೋಪಡಿಯೊಳಗೆ ಕನ್ನಡ ಅಥವಾ ಲಂಬಾಣಿ, ಹೊರಗೆ ಮರಾಠಿ ಮತ್ತು ಹಿಂದಿ ಕೇಳುತ್ತ ಬೆಳೆಯುತ್ತಾರೆ.

ಹಲವು ಭಾಷೆ ಕೇಳಿದರೆ ಮಗು ಗೊಂದಲಗೊಂಡು ಮಾತು ತಡವಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಓದಿದವರಿಗೂ ಇದೆ. ಸಂಶೋಧನೆಗಳು ಇದನ್ನು ಸಮರ್ಥಿಸುವುದಿಲ್ಲ. ಕೇಂಬ್ರಿಜಿನ ಇಯಾಂತಿ ಸಿಂಪ್ಲಿ ಅವರ ನೇತೃತ್ವದಲ್ಲಿ ನಮ್ಮ ನಿಮ್ಹಾನ್ಸ್ ಸೇರಿದಂತೆ ಹಲವು ಸಂಸ್ಥೆಗಳು ಕೂಡಿ 2016ರಿಂದ ದಿಲ್ಲಿ, ಹೈದರಾಬಾದ್ ಮತ್ತು ಬಿಹಾರದ ಬಡ ಶಾಲಾಮಕ್ಕಳ ನಡುವೆ ನಡೆಸಿದ ಅಧ್ಯಯನದಲ್ಲಿ ಭಾಷಾವೈವಿಧ್ಯ ಕಲಿಕೆಗೆ ಅಡ್ಡಿಯಾಗಿ ಕಾಣಲಿಲ್ಲ. ತೊಂದರೆಯಾಗುವುದು ತಂದೆ ತಾಯಿಯರು ತಮಗೆ ಚೆನ್ನಾಗಿ ಬರುವ ಭಾಷೆಯನ್ನು ಬಿಟ್ಟು, ಅರೆಬರೆ ಬರುವ ಭಾಷೆಯಲ್ಲಿ ಮಗುವಿನೊಡನೆ ಆಡತೊಡಗಿದಾಗ. ಆಗ ಮಾತು ‘ಕಮ್’, ‘ಸಿಟ್’, ‘ಈಟ್’ಗಳಿಗೆ ಇಳಿದು, ಬಾಲ ಎಲ್ಲಿ ಕಣ್ಣು ಎಲ್ಲಿ ಎಂಬ ಸರಸವೇ ನಿಂತುಹೋಗುತ್ತದೆ. ಸಾಲ ಮಾಡಿಯಾದರೂ ಮಗುವನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ ಬಡ ತಾಯಿಗೆ ‘ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿಸಿ’ ಎಂದು ಉಪದೇಶಿಸುವುದು ಆಕೆಯ ಬಾಯಿಗೆ ಬೀಗ ಹಾಕಿದಂತೆ.

ಓದು ಬಾರದ ತಾಯಿಯ ಬಳಿ ಕೊಡುವುದಕ್ಕೆ ಏನಿದೆ ಎನ್ನುವವರು ಬಂಗಾಳದ ‘ಛಡಾ’ಗಳನ್ನು ನೋಡಬೇಕು. ಶಿಶುಗಳನ್ನು ರಮಿಸುವ ಈ ಪುಟ್ಟ ಪದ್ಯಗಳನ್ನು ರವೀಂದ್ರನಾಥ ಠಾಕೂರರು ಹೆಂಗಸರ ಬಾಯಿಂದ ಸಂಗ್ರಹಿಸಿ 1894ರಲ್ಲಿ ಅವುಗಳ ಬಗ್ಗೆ ದೀರ್ಘ ಪ್ರಬಂಧ ಬರೆದರು. ಅದು ಮುಂದೆ ‘ಲೋಕಸಾಹಿತ್ಯ’ (1907) ಸಂಕಲನದಲ್ಲಿ ಸೇರಿತು. ಯೋಗೀಂದ್ರನಾಥ ಸರ್ಕಾರರ ‘ಖುಕುಮಣಿರ್ ಛಡಾ’ 1899ರಲ್ಲಿ ಅಚ್ಚಾಯಿತು. ನಿದ್ದೆಯನ್ನು ಹೊತ್ತು ತರುವ ಮಾಶಿ ಪಿಶಿಯರು, 1740ರ ದಶಕದ ಮರಾಠಾ ‘ಬರ್ಗಿ’ಗಳ ದಾಳಿ, ಭತ್ತ ತಿಂದುಹೋದ ಹಕ್ಕಿ, ಕಟ್ಟಲಾಗದ ಕಂದಾಯ, ಎಲ್ಲವೂ ಅಲ್ಲಿವೆ. ಕಂದಾಯದ ಚಿಂತೆಯನ್ನೂ ಲಾಲಿಯಾಗಿಸಿದವರು ಬಡವರೇ. ನಮ್ಮ ಹಳ್ಳಿಗಳ ಜೋಗುಳಗಳೂ ಇದೇ ಕುಲದವು. ಬಂಗಾಳಿ ಕೂಸಿಗೆ ಹಸು ‘ಹಾಂಬಾ’, ನಮ್ಮದಕ್ಕೆ ‘ಅಂಬಾ’. ಅದನ್ನು ಹೆದರಿಸುವುದು ‘ಜುಜು’, ನಮ್ಮದನ್ನು ‘ಗುಮ್ಮ’. ಪ್ರಾಸ, ಪುನರುಕ್ತಿ, ತಾಳಗಳು ಮಗು ಮಾತನ್ನು ಧ್ವನಿಗಳಾಗಿ ಬಿಡಿಸಿಕೊಳ್ಳಲು ನೆರವಾಗುತ್ತವೆ. ಮುಂದೆ ಅಕ್ಷರ ಕಲಿಯುವಾಗ ಬೇಕಾಗುವ ಕೌಶಲವೂ ಅದೇ.

ನೆರವು ಬಂದ ದಾರಿಗಳು

ತಾಯಿಯ ಮಾತಿಗೆ ಬೆಂಬಲ ಕೊಟ್ಟರೆ ಫಲವಿದೆಯೇ? ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು 1986-87ರಲ್ಲಿ ಬೆಳವಣಿಗೆ ಕುಂಠಿತವಾದ 129 ಬಡ ಮಕ್ಕಳೊಡನೆ ಆರಂಭಿಸಿದ ಪ್ರಯೋಗ ಇದಕ್ಕೆ ಪ್ರಬಲ ಉತ್ತರ. ಆಯ್ದ ಕೆಲವರ ಮನೆಗೆ ಸ್ಥಳೀಯ ಆರೋಗ್ಯ ಸಹಾಯಕಿ ವಾರಕ್ಕೊಂದು ಗಂಟೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ತಾಯಿ ಮಗುವನ್ನು ಆಡಿಸುವುದಕ್ಕೂ ಮಾತಾಡಿಸುವುದಕ್ಕೂ ಪ್ರೋತ್ಸಾಹಿಸುತ್ತಿದ್ದಳು. ಹೀಗೆ ಎರಡು ವರ್ಷ ನಡೆಯಿತು. ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳ ಗಳಿಕೆ ಉಳಿದವರಿಗಿಂತ ಶೇಕಡಾ 25ರಷ್ಟು ಹೆಚ್ಚಿತ್ತೆಂದು 2014ರಲ್ಲಿ ವರದಿಯಾಯಿತು. ಇದೇ ಮಾದರಿಯನ್ನು ನಮಗೆ ಹತ್ತಿರದ ಒಡಿಶಾದ ಕಟಕ್ ನಗರದ 54 ಕೊಳೆಗೇರಿಗಳ 421 ಮಕ್ಕಳೊಡನೆ ಹದಿನೆಂಟು ತಿಂಗಳು ಪರೀಕ್ಷಿಸಿದಾಗಲೂ ಮಕ್ಕಳ ಗ್ರಹಣಶಕ್ತಿ ಗಮನಾರ್ಹವಾಗಿ ಹೆಚ್ಚಿತು. ಮನೆಗೆ ಹೋದವರು ಅದೇ ಊರಿನ ಹೆಂಗಸರು.

ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕಂದರವಿದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ) ಅಂಗನವಾಡಿಯ ಮೂಲಕ ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣ ಕೊಡುತ್ತದೆ. ಮೂರು ತುಂಬದವರ ಪಾಲಿಗೆ ಅದು ಬಹುಮಟ್ಟಿಗೆ ಲಸಿಕೆ, ತೂಕ, ಪೌಷ್ಟಿಕ ಆಹಾರದ ಪೊಟ್ಟಣ. ಮಾತು ರೂಪುಗೊಳ್ಳುವ ವರ್ಷಗಳು ಮಾತ್ರ ಆ ಮೊದಲ ಮೂರೇ. ಇದನ್ನು ಮನಗಂಡು ಕೇಂದ್ರ ಸರ್ಕಾರ 2024ರಲ್ಲಿ ‘ನವಚೇತನಾ’ ಎಂಬ ಹೆಸರಿನಲ್ಲಿ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳನ್ನು ಆಡಿಸುವ, ಮಾತಾಡಿಸುವ ಕ್ರಮದ ಚೌಕಟ್ಟೊಂದನ್ನು ಹೊರತಂದಿತು. ಕಾಗದದ ಮೇಲೆ ಅದು ಸೊಗಸಾಗಿದೆ. ತೂಕ, ಲಸಿಕೆ, ಆಹಾರ, ದಾಖಲೆ ಪುಸ್ತಕಗಳ ನಡುವೆ ಹೆಣಗುವ ಅಂಗನವಾಡಿ ಕಾರ್ಯಕರ್ತೆಗೆ ಮನೆಮನೆಗೆ ಹೋಗಿ ಕೂಸುಗಳನ್ನು ಮಾತಾಡಿಸಲು ಸಮಯವೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿಲ್ಲ.

ಶಿಶುಪಾಲನಾ ಕೇಂದ್ರಗಳ ಮಾತು ಬೇರೆ. ತಾಯಿ ದುಡಿಯುವ ಹೊತ್ತಿನಲ್ಲಿ ಮಗುವಿನೊಡನೆ ಮಾತನಾಡಲು ಮತ್ತೊಬ್ಬರನ್ನು ಒದಗಿಸುವುದರಿಂದ ಅವು ಸಮಸ್ಯೆಯ ಬುಡಕ್ಕೇ ಕೈ ಹಾಕುತ್ತವೆ. ಕರ್ನಾಟಕ ಸರ್ಕಾರ 2023ರ ಬಜೆಟ್ಟಿನಲ್ಲಿ ಪ್ರಕಟಿಸಿದ ‘ಕೂಸಿನ ಮನೆ’ ಈ ದಿಕ್ಕಿನದು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಪಾಲನಾ ಕೇಂದ್ರಗಳನ್ನು ತೆರೆಯುವ ಯೋಜನೆ. ಹೆಸರಿಟ್ಟವರ ಕನ್ನಡಕ್ಕೆ ಶರಣು. ಕಲ್ಕತ್ತೆಯಲ್ಲಿ ದೊಡ್ಡ ಮಕ್ಕಳಿಗಾಗಿ ಒಳ್ಳೆಯ ಕೆಲಸ ನಡೆದಿದೆ. ಸಿಯಾಲ್ದಾದ ಲೊರೆಟೊ ಶಾಲೆಯಲ್ಲಿ ಸಿಸ್ಟರ್ ಸಿರಿಲ್ ಮೂನಿ (2007ರಲ್ಲಿ ಪದ್ಮಶ್ರೀ ಪಡೆದವರು, 2023ರಲ್ಲಿ ನಿಧನರಾದರು) 1980ರ ದಶಕದಲ್ಲಿ ಕಟ್ಟಿದ ‘ರೇನ್‌ಬೋ’ ಪದ್ಧತಿಯಲ್ಲಿ ಶಾಲೆಯ ಹುಡುಗಿಯರೇ ಬೀದಿಯ ಮಕ್ಕಳಿಗೆ ಪಾಠ ಹೇಳುತ್ತಾರೆ, ಅದೂ ಒಬ್ಬರಿಗೊಬ್ಬರು ಎದುರುಬದುರು ಕುಳಿತು. ವಿಕ್ರಮಶಿಲಾ ಸಂಸ್ಥೆ ನಗರದ ಪೊಲೀಸರೊಡನೆ ಸೇರಿ ನಡೆಸಿದ ‘ನವದಿಶಾ’ ಪೊಲೀಸ್ ಠಾಣೆಗಳ ಆವರಣದಲ್ಲೇ ಬಡ ಮಕ್ಕಳಿಗೆ ತರಗತಿ ತೆರೆಯಿತು. ತಾಯಿ ಮಕ್ಕಳ ಪೌಷ್ಟಿಕತೆಯ ಕೆಲಸವನ್ನು ಡಾ. ಸಮೀರ್ ಚೌಧರಿ ಅವರ ‘ಸಿನಿ’ ಸಂಸ್ಥೆ 1974ರಿಂದಲೂ ಮಾಡುತ್ತ ಬಂದಿದೆ.

ಮೊಬೈಲು ಮತ್ತು ಕಿವಿ

ಅಗ್ಗದ ಮೊಬೈಲು ಬಸ್ತಿಯ ಮನೆಯಲ್ಲೂ ದಾದಿಯಾಗಿದೆ, ನಮ್ಮ ಮನೆಯಲ್ಲೂ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ ಎಂಬುದು ಭಾರತೀಯ ಶಿಶುವೈದ್ಯರ ಸಂಘದ 2021ರ ಸಲಹೆ. ಒಂದು ವರ್ಷದ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಅದನ್ನೇ. ಒಲೆಯ ಮುಂದೆ ಒಬ್ಬಳೇ ಇರುವ ತಾಯಿಗೆ ಈ ಸಲಹೆ ಪಾಲಿಸುವುದು ಕಷ್ಟ. ಮೂವರು ಹಿರಿಯರಿರುವ ಫ್ಲ್ಯಾಟುಗಳಿಗೆ ಆ ನೆಪವಿಲ್ಲ.

ಮಾತು ತಡವಾದ ಪ್ರತಿಯೊಂದು ಮಗುವನ್ನೂ ‘ಮನೆಯಲ್ಲಿ ಮಾತಾಡಿಸುವವರಿಲ್ಲ’ ಎಂಬ ಖಾತೆಗೆ ಬರೆಯಬಾರದು. ಕಿವಿ ಸೋರುವುದು ಬಡ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆ, ಮತ್ತು ಮಂದಗಿವಿಯ ಮಗು ಸುಮ್ಮನಿರುವ ಮಗುವಿನಂತೆಯೇ ಕಾಣುತ್ತದೆ. ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಒಂದು ಪದ ಬಾರದಿದ್ದರೆ, ಎರಡಾದರೂ ಎರಡು ಪದ ಕೂಡಿಸದಿದ್ದರೆ, ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಕಾಯದೆ ಶ್ರವಣ ಪರೀಕ್ಷೆ ಮಾಡಿಸಬೇಕು. ಕರ್ನಾಟಕದಲ್ಲಿ ಇದಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹೆಸರಾಗಿದೆ. ಕಲ್ಕತ್ತೆಯಲ್ಲಿ ಬನ್‌ಹೂಗ್ಲಿಯಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಈ ಸೇವೆ ಒದಗಿಸುತ್ತದೆ. ಮನೆಗೆಲಸದಾಕೆಯ ಮಗುವಿಗೆ ಪರೀಕ್ಷೆ ಬೇಕಾಗಿದ್ದರೆ ಆಕೆಗೆ ವಿಳಾಸದ ಜೊತೆಗೆ ಸಂಬಳ ಕಡಿಯದ ಒಂದು ದಿನದ ರಜೆಯೂ ಬೇಕಾಗುತ್ತದೆ. ಬನ್‌ಹೂಗ್ಲಿ ನಗರದ ಉತ್ತರ ತುದಿಯಲ್ಲಿದೆ, ಕ್ಯಾನಿಂಗ್ ಕಡೆಯಿಂದ ಹೋಗಿ ಬರಲು ಇಡೀ ದಿನ ಹಿಡಿಯುತ್ತದೆ.